ಬೆಟ್ಟದ ಕಡೆಯ ಮೂಲೆ

"ಬಾಗಿಲಣ್ಣ ಬಂದುಹೋದ ಮನೆಯಲ್ಲಿ ಬಾಗಿಲು ತೆಗೆದ ಸದ್ದು ಬೆಕ್ಕಿಗೂ ಕೇಳುವುದಿಲ್ಲ" ಎಂದು ನೆರೆಹೊರೆಯವರು ಹೇಳುತ್ತಿದ್ದರು. ಹೊಗಳಿಕೆ ಹೆಚ್ಚಾಯಿತೇನೋ ಎಂದು, "ಅವನ ಮನೆ ಬಾಗಿಲು ಮಾತ್ರ ವರ್ಷವರ್ಷ ಸಣ್ಣ ಆಗ್ತಿದೆ, ಇನ್ನು ಸ್ವಲ್ಪ ದಿನಕ್ಕೆ ಕಿಟಕಿ ಆಗುತ್ತೆ ನೋಡಿ" ಎಂದು ನಗುವುದೂ ಇತ್ತು.

ಅವನು ಬಡಗಿ. ಬೆಟ್ಟದ ಬುಡದ ಆ ಇಳಿಜಾರು ಬೀದಿಯಲ್ಲಿ ಅವನ ಕೈ ತಾಗದ ಬಾಗಿಲಿರಲಿಲ್ಲ. ಬೆಟ್ಟವೋ, ಒಡಲಲ್ಲಿ ಬೆಂಕಿ, ನೆತ್ತಿಯಲ್ಲಿ ಹಿಮ. ಅಜ್ಜನ ಅಜ್ಜನ ಕಾಲದಲ್ಲೊಮ್ಮೆ ಬೆಂಕಿ ಕಾರಿತ್ತಂತೆ. ಆಮೇಲೆ ಉಂಡು ಮಲಗಿದ ಅಳಿಯನ ಹಾಗೆ ಮಿಸುಕದೆ ಬಿದ್ದಿತ್ತು.

ಕೆಲವು ವರ್ಷಗಳಿಂದ ಬೀದಿಯ ಬಾಗಿಲುಗಳೆಲ್ಲ ಬಿಗಿಯಾಗತೊಡಗಿದ್ದವು. ಬೇಕರಿಯವಳು ಕರೆದಳು, ದರ್ಜಿ ಕರೆದ. ಬಾಗಿಲಣ್ಣ ಉಜ್ಜುಗೊರಡು ಹಿಡಿದು ಹೋಗಿ, ಮೇಲಿನ ಮೂಲೆ ಹೆರೆದು, ಹೆಬ್ಬೆರಳಿಂದ ಸವರಿ, "ತೇವ ಕುಡಿದಿದೆ, ಅಷ್ಟೇ" ಎನ್ನುತ್ತಿದ್ದ. ವಾಪಸು ಬರುವಾಗ ಮರದಂಗಡಿಯವನಿಗೊಂದು ಬೈಗುಳ ತಪ್ಪುತ್ತಿರಲಿಲ್ಲ: "ಹಸಿ ಮರ ಮಾರಿ ಊರು ಕೆಡಿಸಿದೆಯಲ್ಲೋ ಪುಣ್ಯಾತ್ಮ!"

ಒಂದು ದಿನ, ನೆಲ ಅಳೆಯಲು ಬಂದಿದ್ದ ಹೆಣ್ಣುಮಗಳೊಬ್ಬಳು ಅವನ ಮನೆಗೆ ನೀರು ಕೇಳಿಕೊಂಡು ಬಂದವಳು ಬಾಗಿಲು ನೋಡುತ್ತ ನಿಂತುಬಿಟ್ಟಳು.

"ಈ ಮೂಲೆ ಒಂದನ್ನೇ ಯಾಕಣ್ಣ ಹೆರೆದಿದ್ದೀರಿ?"

"ಅಲ್ಲೇ ಹಿಡಿಯೋದು ತಾಯಿ. ಇಡೀ ಬೀದೀಲಿ ಅಲ್ಲೇ, ಬೆಟ್ಟದ ಕಡೆ ಮೂಲೆ."

ಅವಳು ಲೋಟ ಕೆಳಗಿಟ್ಟಳು. "ಮರ ಉಬ್ಬಿದ್ರೆ ಎಲ್ಲರ ಮನೇಲೂ ಒಂದೇ ಮೂಲೆ ಹಿಡಿಯಲ್ಲ. ಉಬ್ತಿರೋದು ನೆಲ ಅಣ್ಣ. ಆಳದಲ್ಲಿ ಕರಗಿದ ಕಲ್ಲು ತುಂಬಿಕೊಳ್ತಿದೆ. ಹಿಂದೆ ಹಿಮದ ಭಾರ ಅದುಮಿ ಹಿಡಿದಿತ್ತು. ಈಗ ಹಿಮ ತೆಳುವಾಯ್ತು, ಅದಕ್ಕೆ ಮೇಲೆ ಬರೋದು ಸಲೀಸಾಯ್ತು."

"ಅದಕ್ಕೇನು ಮಾಡೋದು?"

"ಅಳೀಬಹುದು. ಬೇರೇನೂ ಮಾಡೋಕಾಗಲ್ಲ."

ಬಾಗಿಲಣ್ಣನಿಗೆ ಆ ದಿನ ಊಟ ಸೇರಲಿಲ್ಲ. ನೆಲ ಬಾಗಿಲು ಬಾಗಿಲಿಗೂ ಬಂದು ಹೇಳಿದ್ದನ್ನು ತಾನೇ ಹೆರೆದು ಕಸಕ್ಕೆ ಗುಡಿಸಿದ್ದ!

"ತಂಗಿ ಮನೆಗೆ ಹೋಗೋಣ ರೀ" ಎಂದಳು ಹೆಂಡತಿ.

"ಈ ಕೈಲೇ ಕಟ್ಟಿದ ಮನೆ ಕಣೆ. ಈ ಬಾಗಿಲು ಮುಚ್ಚೋಕೆ ಆಗ್ತಿರೋವರೆಗೂ ಇದು ನಮ್ದೇ."

ಅಂದಿನಿಂದ ಅವನ ಉಸಿರೆಲ್ಲ ಆ ಬಾಗಿಲಲ್ಲಿ. ಹಿಡಿದಾಗಲೆಲ್ಲ ಹೆರೆದ, ಮುಚ್ಚಿ ತೋರಿಸಿದ. ಹೆಂಡತಿ ಅವನಿಗೆ ಕಾಣದ ಹಾಗೆ ಗಂಟು ಕಟ್ಟುತ್ತಲೇ ಇದ್ದಳು.

ಒಂದು ಬೆಳಗ್ಗೆ ನೆಲ ಗುಡುಗಿತು. ಗೋಡೆಯ ಸುಣ್ಣ ಉದುರಿತು. ಎಲ್ಲರೂ ಹೊರಡಿ ಎಂದು ಮೈಕಿನ ಜೀಪು ಬೀದಿ ಸುತ್ತಿತು. ತಿರುವಿನಲ್ಲಿ ಬಸ್ಸು ಬಂದು ನಿಂತಿತು.

ಬಾಗಿಲಣ್ಣ ಹೊಸ್ತಿಲು ದಾಟಿ ಬಾಗಿಲೆಳೆದ. ಗೇಣು ದೂರದಲ್ಲಿ ನಿಂತಿತು. ಕಾಲೂರಿ ಮತ್ತೆ ಎಳೆದ. ಇಲ್ಲ. ಚೀಲಕ್ಕೆ ಕೈಹಾಕಿ ಉಜ್ಜುಗೊರಡು ತೆಗೆದ.

ಹೆಂಡತಿ ಅವನ ಮಣಿಕಟ್ಟು ಹಿಡಿದಳು. "ಎಷ್ಟೂಂತ ಹೆರೀತೀರಿ? ಅಡ್ಡ ಬಂದಿರೋದು ಬೆಟ್ಟ."

ಅವನು ಮೂಲೆ ನೋಡಿದ. ಹೆರೆಯಲು ಅಲ್ಲಿ ಮರವೂ ಉಳಿದಿರಲಿಲ್ಲ. ಎಂದಿನ ಹಾಗೆ ಹೆಬ್ಬೆರಳಿಂದ ಒಮ್ಮೆ ಸವರಿದ, ಅಷ್ಟೇ.

ಬಸ್ಸಿನ ಕಿಟಕಿಯಿಂದ ಮರದಂಗಡಿಯವನು ಕೂಗಿದ: "ಬಾರಯ್ಯಾ, ಪಕ್ಕದಲ್ಲಿ ಜಾಗ ಹಿಡಿದಿದ್ದೀನಿ! ದಾರಿಯುದ್ದಕ್ಕೂ ಬೈಯುವೆಯಂತೆ!"

ಬಾಗಿಲಣ್ಣ ಉಜ್ಜುಗೊರಡನ್ನು ಚೀಲಕ್ಕೆ ಹಾಕಿದ. ಹೆಂಡತಿ ಕಟ್ಟಿದ್ದ ಗಂಟನ್ನು ಹೆಗಲಿಗೇರಿಸಿ, ತೆರೆದ ಬಾಗಿಲಿಗೆ ಬೆನ್ನು ಹಾಕಿ ಮೆಟ್ಟಿಲಿಳಿದ.