ಹೆಲಿಕಾಪ್ಟರಿಗೆ ನೀರು ಸೇದಿಸಿದ್ದು

ಹೆಲಿಕಾಪ್ಟರ್ ನೀರು ಸೇದುವುದನ್ನು ನೀವು ಕಂಡಿದ್ದೀರಾ? ಹೊಟ್ಟೆಯ ಕೆಳಗೆ ಉದ್ದನೆಯ ಹಗ್ಗ, ಹಗ್ಗದ ತುದಿಗೆ ಕಿತ್ತಳೆ ಬಣ್ಣದ ಭಾರಿ ಚೀಲ. ಹಳೆಯ ಕಲ್ಲುಕೋರೆಯ ನೀರಿನಲ್ಲಿ ಆ ಚೀಲ ಮುಳುಗಿ, ತುಂಬಿ, ಸೋರುತ್ತ ಮೇಲೇಳುತ್ತದೆ. ಉರಿಯುವ ಗುಡ್ಡದ ನೆತ್ತಿಗೆ ಹೋಗಿ ಬಾಯಿ ಬಿಚ್ಚುತ್ತದೆ. ನಾನು ಕಂಡೆ. ಕಂಡದ್ದಷ್ಟೇ ಅಲ್ಲ, ಕೈಸನ್ನೆ ಮಾಡಿ ಸೇದಿಸಿದವನೂ ನಾನೇ. ಬಡಾಯಿ ಎನ್ನಬೇಡಿ, ಪೂರ್ತಿ ಕೇಳಿ.

ಇಳಕಲ್ಲಿನ ಕೋರೆಗಳಿಂದ ಕಾರ್ಕಳದ ಕೋರೆಗೆ ಬಂದು ಏಳು ವರ್ಷವಾಯಿತು. ಕಲ್ಲು ಒಡೆಯುವ ಕೆಲಸ ಎರಡೂ ಕಡೆ ಒಂದೇ, ಮಿಕ್ಕಿದ್ದೆಲ್ಲ ಬೇರೆ. ನಮ್ಮಲ್ಲಿ ಬೆವರು ಗಾಳಿಗೆ ಆರುತ್ತದೆ, ಇಲ್ಲಿ ಮೈಗೆ ಅಂಟಿಕೊಂಡೇ ಮಲಗುತ್ತದೆ. ಕುಚ್ಚಲಕ್ಕಿಯ ಗಂಜಿ ಕಂಡ ಮೊದಲ ದಿನ ಇದು ಊಟವೋ ಪಥ್ಯವೋ ಎಂದು ಗಾಬರಿಯಾಗಿತ್ತು. ಬಾಡಿಗೆಗೆ ಮನೆ ಕೇಳಿದರೆ ‘ಘಟ್ಟದವರಿಗೆ ಇಲ್ಲ’ ಎಂದು ಬಾಗಿಲಲ್ಲೇ ಮುಗಿಸುತ್ತಿದ್ದರು. ಘಟ್ಟದ ಮೇಲಿನಿಂದ ಬಂದ ನಾವೆಲ್ಲ ಇಲ್ಲಿಯವರಿಗೆ ಘಟ್ಟದವರು. ಕೊನೆಗೆ ಬಾಗಿಲು ತೆರೆದವರು ಕಾರ್ಕಳದ ಹತ್ತಿರದ ಬಜಗೋಳಿ ಊರಿನ ಗಿರಿಜಕ್ಕ. ಗುಡ್ಡದ ಬುಡದಲ್ಲಿ ಅವರ ಮನೆ, ಹಟ್ಟಿಯಲ್ಲಿ ಎರಡು ದನ, ಪಕ್ಕದಲ್ಲಿ ಒಂದು ಖಾಲಿ ಕೋಣೆ. ‘ಒಣಸ್ ಆಂಡಾ?’ ಎಂದರು. ನಾನು ಕಣ್ಣು ಪಿಳಿಪಿಳಿ ಬಿಟ್ಟೆ. ತುಳುವಿನಲ್ಲಿ ಹಾಗೆಂದರೆ ಊಟ ಆಯಿತಾ ಎಂದು. ಬಡಿಸಿದ ಮೇಲೆಯೇ ಅವರು ಬಾಡಿಗೆಯ ಮಾತೆತ್ತಿದ್ದು.

ತುಳು ಈಗ ಅರ್ಥವಾಗುತ್ತದೆ, ಆದರೆ ನಾಲಿಗೆ ಇನ್ನೂ ಹೊರಳುವುದಿಲ್ಲ. ನಾನು ಬಾಯಿ ತೆರೆದರೆ ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಾರೆ. ಕೋರೆಯಲ್ಲಿ ಮಾತ್ರ ಆ ಕಷ್ಟವಿಲ್ಲ. ಅಲ್ಲಿ ಯಂತ್ರಗಳ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸದು. ಗುಂಡಿಯ ಅಂಚಿನಲ್ಲಿ ನಿಂತು ಕ್ರೇನಿನವನಿಗೆ ಕೈಯಿಂದಲೇ ಹೇಳುವುದು ನನ್ನ ಕೆಲಸ: ಬೆರಳು ಮೇಲೆ ತಿರುಗಿಸಿದರೆ ಎತ್ತು, ಅಂಗೈ ಕೆಳಗೆ ಮಾಡಿದರೆ ಇಳಿಸು, ಮುಷ್ಟಿ ಬಿಗಿದರೆ ನಿಲ್ಲು.

ನಾನು ಮೊದಲು ದುಡಿಯುತ್ತಿದ್ದ, ಗಿರಿಜಕ್ಕನ ಮನೆಯ ಹತ್ತಿರದ ಕೋರೆ ಎರಡು ವರ್ಷದ ಹಿಂದೆ ಮುಚ್ಚಿತು. ಗುಂಡಿಯಲ್ಲಿ ನೀರು ನಿಂತಿತು. ಪಂಪು ತೂಗುಹಾಕಲು ಈ ದಡದಿಂದ ಆ ದಡಕ್ಕೆ ನಾನೇ ಬಿಗಿದಿದ್ದ ತಂತಿಹಗ್ಗವನ್ನು ಬಿಚ್ಚಲಿಲ್ಲ. ‘ಬಿಡೋ, ಇದರ ಮ್ಯಾಲ ಹಾರಿ ಹೋಗಾಕ ಯಾರು ಹಕ್ಕಿ ಅದಾರ?’ ಎಂದು ಜೊತೆಯವನಿಗೆ ಹೇಳಿದ್ದೆ. ಆ ಸೋಮಾರಿತನ ಈ ಬೇಸಿಗೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂತು.

ಮೂರು ದಿನದಿಂದ ಗುಡ್ಡ ಹೊತ್ತಿ ಉರಿಯುತ್ತಿತ್ತು. ಅರಣ್ಯದವರೂ ಊರಿನವರೂ ಹಸಿ ಸೊಪ್ಪು ಹಿಡಿದು ಬಡಿದೂ ಬಡಿದೂ ಸೋತರು. ಕಡಿದಾದ ಜಾಗಕ್ಕೆ ಕಾಲೇ ಏರುತ್ತಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಬೆಂಕಿ ಗಿರಿಜಕ್ಕನ ಮನೆಯ ಕಡೆ ಇಳಿಯತೊಡಗಿತು. ಆಗ ಬಂತು ಹೆಲಿಕಾಪ್ಟರ್. ಕೋರೆಯ ಮೇಲೆ ಎರಡು ಸುತ್ತು ಹಾಕಿತು, ಇಳಿಯದೆ ಮೇಲೆಯೇ ಉಳಿಯಿತು.

ವೈರ್‌ಲೆಸ್ಸಿಗೆ ಕಿವಿಗೊಟ್ಟಿದ್ದ ಅರಣ್ಯಾಧಿಕಾರಿಗಳು ಮುಖ ಸಣ್ಣಗೆ ಮಾಡಿದರು. “ಅಡ್ಡ ತಂತಿ ಉಂಟಂತೆ, ಇಳಿಯಲಿಕ್ಕೆ ಆಗುವುದಿಲ್ಲ ಅಂತಾರೆ. ನೀರು ದೂರದಿಂದ ತರಬೇಕು. ಅಷ್ಟರಲ್ಲಿ ಬೆಂಕಿ ಇಲ್ಲಿರುತ್ತದೆ.”

ಗಿರಿಜಕ್ಕ ದನಗಳ ಹಗ್ಗ ಬಿಚ್ಚಿ ಓಡಿಸಿದರು. “ಮನೆ ಹೋಗ್ತದಾ ಮಾರಾಯ?” ಎಂದು ನನ್ನನ್ನೇ ಕೇಳಿದರು.

“ಸಾಹೇಬ್ರ, ಆ ತಂತಿ ಕಟ್ಟಿದಾಂವ ನಾನ ರೀ. ಬಿಚ್ಚತೇನ್ರೀ,” ಎಂದೆ.

ಸ್ಪ್ಯಾನರ್ ಹಿಡಿದು ಓಡಿದೆ. ತುಕ್ಕು ಹಿಡಿದ ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸುತ್ತಿಗೆಯಿಂದ ನಾಲ್ಕು ಕೊಟ್ಟ ಮೇಲೆ ಸಡಿಲಾಯಿತು. ಹಾಗೇ ಬಿಟ್ಟರೆ ತಂತಿ ನೀರಿಗೆ ಬಿದ್ದು ಚೀಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಎದುರು ದಡದಲ್ಲಿದ್ದವರಿಗೆ ಎಳೆಯಿರಿ ಎಂದು ಕೈ ಬೀಸಿದೆ. ಇಪ್ಪತ್ತು ಜನ ಕೈಹಾಕಿದರು, ನನಗೆ ಬಾಗಿಲಲ್ಲೇ ಇಲ್ಲ ಎಂದಿದ್ದವರೂ ಅದರಲ್ಲಿದ್ದರು. ‘ಐಸಾ’ ಎಂದು ನಾನು ಕೂಗಿದೆ, ಅವರೂ ಕೂಗಿದರು. ತಂತಿ ಸರಸರನೆ ಆಚೆ ದಡಕ್ಕೆ ಹೋಯಿತು.

ಆದರೆ ಆ ಗುಂಡಿಯ ಅರ್ಧದಲ್ಲಿ ನೀರಿನಡಿ ಕಲ್ಲಿನ ಮೆಟ್ಟಿಲುಗಳಿವೆ, ಆಳ ಇರುವುದು ಪೂರ್ವದ ಮೂಲೆಯಲ್ಲಿ ಮಾತ್ರ. ಅದು ನನಗೆ ಗೊತ್ತು, ಮೇಲಿದ್ದವರಿಗೆ ಗೊತ್ತಿಲ್ಲ. ಅಧಿಕಾರಿಗಳಿಗೆ ಹೇಳಿದೆ. “ಆ ಬಂಡೆಯ ಮೇಲೆ ನಿಂತು ತೋರಿಸು, ನಿನ್ನ ಕೈ ನೋಡಲಿಕ್ಕೆ ಅವರಿಗೆ ಹೇಳುತ್ತೇನೆ,” ಎಂದರು.

ರೆಕ್ಕೆಯ ಗಾಳಿಗೆ ಅಂಗಿ ಹರಿಯುವಂತಾಯಿತು. ಹೆಲಿಕಾಪ್ಟರಿನ ಬಾಗಿಲಲ್ಲಿ ಒಬ್ಬ ಬಗ್ಗಿ ನನ್ನನ್ನೇ ನೋಡುತ್ತಿದ್ದ. ಪೂರ್ವಕ್ಕೆ ಕೈ ಚಾಚಿದೆ, ಬಂತು. ಮುಷ್ಟಿ ಬಿಗಿದೆ, ನಿಂತಿತು. ಅಂಗೈ ಕೆಳಗೆ ಮಾಡಿದೆ, ಚೀಲ ಇಳಿಯಿತು. ಬೆರಳು ತಿರುಗಿಸಿದೆ, ಆ ನೀರೆಲ್ಲ ಎದ್ದು ಗುಡ್ಡಕ್ಕೆ ಹೊರಟಿತು! ದಡದ ಜನ ಸಿಳ್ಳೆ ಹೊಡೆದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಎರಡೂ ಇರಬೇಕು. ಮಧ್ಯಾಹ್ನದವರೆಗೆ ಎಷ್ಟು ಸಲ ಸೇದಿತೋ ಲೆಕ್ಕವಿಟ್ಟಿಲ್ಲ. ಬೆಂಕಿ ಹಟ್ಟಿಯ ಹಿಂದಿನ ಬೇಲಿಯನ್ನು ಕರಿ ಮಾಡಿ ಅಲ್ಲೇ ಸತ್ತಿತು.

ಸಂಜೆ ಅಧಿಕಾರಿಗಳು ವರದಿ ಬರೆಯಲು ಜಗಲಿಯಲ್ಲಿ ಕುಳಿತರು. ನನ್ನ ಹೆಸರು ಬರೆದುಕೊಂಡು, “ಊರು?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಗಿರಿಜಕ್ಕ ಒಳಗಿಂದ ಕೂಗಿದರು, “ಎಂತ ಕೇಳುವುದು ಸಾರ್, ಬಜಗೋಳಿ ಅಂತ ಬರೆಯಿರಿ. ನಮ್ಮವನೇ ಅಲ್ವಾ!”

ಅಧಿಕಾರಿಗಳು ಬರೆದರು. ಏಳು ವರ್ಷ ಈ ಮಾತಿಗೇ ಕಾದಿದ್ದೆ, ಎದೆ ತುಂಬಿ ಬಂತು. ಅದರ ಹಿಂದೆಯೇ ಒಳಗೆಲ್ಲೋ ಚುಳುಕ್ ಎಂದಿತು. ತಿದ್ದಿ ಎಂದು ಹೇಳಲು ಮನಸ್ಸಾಗಲಿಲ್ಲ. ಅದಕ್ಕೇ ನಿಮಗೆ ಇಷ್ಟುದ್ದ ಬರೆದೆ. ಹೆಲಿಕಾಪ್ಟರಿಗೆ ನೀರು ತೋರಿಸಿದವನು ಇಳಕಲ್ ಕಡೆಯವನು ಎಂದು ಎಲ್ಲಾದರೂ ಒಂದು ಕಾಗದದಲ್ಲಿ ಇರಬೇಕಲ್ಲ.