ಹದಿನೈದನೇ ತಾರೀಕಿನ ಕಾಯಿ

ಕಾಸರಕೋಡಿನ ದುರ್ಗಮ್ಮನಿಗೆ ಕ್ಯಾಲೆಂಡರು ಓದಲು ಬರುತ್ತಿರಲಿಲ್ಲ. ಆದರೂ ವರ್ಷದ ಒಂದು ತಾರೀಕನ್ನು ಮಾತ್ರ ಅವಳು ಯಾರನ್ನೂ ಕೇಳಿ ತಿಳಿಯಬೇಕಾಗಿರಲಿಲ್ಲ. ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ, ಮೀನು ಕೊಯ್ಯುವ ಕತ್ತಿ ಕೈಯಿಂದ ಜಾರುತ್ತಿತ್ತು. ಕೇರಿಯವರು ನಗುತ್ತಿದ್ದರು. ತಾರೀಕು ಎನ್ನುವುದು ಕೋರ್ಟಿಗೆ, ಕಚೇರಿಗೆ, ಶಾಲೆಗೆ. ಮೀನು ಹಿಡಿಯುವವರಿಗೆ ತಿಥಿ ಸಾಕು. ಹುಣ್ಣಿಮೆ ಅಮಾವಾಸ್ಯೆ ಗೊತ್ತಿದ್ದರೆ ನೀರಿನ ಏರಿಳಿತ ಗೊತ್ತಾಗುತ್ತದೆ, ಸತ್ತವರಿಗೆ ಎಡೆ ಇಡುವ ದಿನವೂ ಗೊತ್ತಾಗುತ್ತದೆ. ಸರ್ಕಾರದ ತಾರೀಕಿಗೆ ಹೆದರುವ ಹೆಂಗಸನ್ನು ಅವರು ಬೇರೆಲ್ಲೂ ಕಂಡಿರಲಿಲ್ಲ.

ನಗುವವರಿಗೇನು, ಸತ್ತವರು ಅವರ ಮನೆಯವರಲ್ಲವಲ್ಲ.

ದುರ್ಗಮ್ಮ ಹುಟ್ಟಿದ್ದು ತದಡಿಯಲ್ಲಿ. ಅವಳ ಅಪ್ಪ ಹಬ್ಬಹರಿದಿನಕ್ಕೆ ಗರ್ನಾಲು ಹಾರಿಸುವುದರಲ್ಲಿ ಹೆಸರುವಾಸಿ. ಕಬ್ಬಿಣದ ಕೊಳವೆಗೆ ಮದ್ದು ಜಡಿದು ಅವನು ಬತ್ತಿ ಇಟ್ಟರೆ ಸದ್ದು ಹೊಳೆಯಾಚೆಗೂ ಕೇಳಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದ ಬೆಳಿಗ್ಗೆ ಬಂದರಿನ ಕಟ್ಟೆಯ ಮೇಲೆ ಊರೇ ಸೇರಿತ್ತು. ಮಳೆಗಾಲದ ಮದ್ದು, ತಂಡಿ ಹಿಡಿದಿತ್ತು. ಎರಡು ಸಲ ಬತ್ತಿ ಆರಿತು. ಮೂರನೆಯ ಸಲ ಅಪ್ಪ ಕೊಳವೆಗೆ ಮುಖ ತಂದು ಊದಿದ. ಸದ್ದಾಯಿತು. ಹೊಗೆಯಲ್ಲಿ ಏನೂ ಕಾಣದ ಜನ ಜಯಕಾರ ಹಾಕಿದರು. ಹೊಗೆ ತಿಳಿಯಾಗುವ ಹೊತ್ತಿಗೆ ಅವನ ಬಲಗೈ ಮೊಣಕೈವರೆಗೆ ಇರಲಿಲ್ಲ, ಮುಖ ಯಾರದೆಂದು ಹೇಳುವಂತಿರಲಿಲ್ಲ. ಆಗಿನ್ನೂ ಮದುವೆಯಾಗದ ಹುಡುಗಿ ದುರ್ಗಿ ತನ್ನ ಸೆರಗು ಹರಿದು ಕೈಗೆ ಕಟ್ಟಿದಳು. ರಕ್ತ ನಿಲ್ಲಲಿಲ್ಲ. ಕುಮಟೆಗೆ ಒಯ್ಯಲು ದೋಣಿ ಸಿದ್ಧವಾಗುವ ಮೊದಲೇ ಅಪ್ಪ ಅವಳ ತೊಡೆಯ ಮೇಲೆ ಹೋಗಿಬಿಟ್ಟ. ಆಚೆ ಶಾಲೆಯಲ್ಲಿ ಮಕ್ಕಳು ಹಾಡುತ್ತಲೇ ಇದ್ದರು.

ಮರುವರ್ಷ ಕಾಸರಕೋಡಿನ ಮಾಬ್ಲ ಅವಳನ್ನು ಮದುವೆಯಾದ. ಅವನದು ತಂಡೇಲರ ಮನೆ, ಅಂದರೆ ದೋಣಿಯ ಮುಂದಾಳುಗಳ ಮನೆ. ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ಮೊದಲ ತೆಂಗಿನಕಾಯಿ ಬಿಡುವ ಹಕ್ಕು ಆ ಮನೆಯದು. ಆ ಕಾಯಿ ನೀರಿಗೆ ಬೀಳುವ ತನಕ, ಮಳೆಗಾಲದುದ್ದಕ್ಕೂ ದಡಕ್ಕೆ ಎಳೆದಿಟ್ಟ ಒಂದು ದೋಣಿಯೂ ಹೊಳೆ ಕಡಲು ಸೇರುವ ಅಳಿವೆಯತ್ತ ಹೋಗಕೂಡದು. ಹೋದ ದೋಣಿ ಬರುವುದಿಲ್ಲ ಎಂದು ಕೇರಿಯ ನಂಬಿಕೆ. ಮಾಬ್ಲನಿಗೆ ತಾಯಿಯಿಲ್ಲದ ತಮ್ಮನೊಬ್ಬನಿದ್ದ, ಈರ. ದುರ್ಗಿ ಹೆತ್ತದ್ದಿಲ್ಲ, ಈರನನ್ನೇ ಎತ್ತಿ ಆಡಿಸಿದಳು, ಉಣಿಸಿದಳು, ಹೊಡೆದಳು, ಬೆಳೆಸಿದಳು.

ಐವತ್ತೈದರಲ್ಲಿ ಗೋವೆಯ ಸತ್ಯಾಗ್ರಹಕ್ಕೆ ಜನ ಬೇಕೆಂದು ಕುಮಟೆಯಿಂದ ಖಾದಿಯವರು ಬಂದರು. ಮಾಬ್ಲ ಹೊರಟ. ಜೊತೆಗೆ ಅವನ ದೋಣಿಯಲ್ಲೇ ಹುಟ್ಟು ಹಾಕುತ್ತಿದ್ದ ಗೆಳೆಯ ಜಟ್ಟಿಯೂ ಹೊರಟ. ಯಾವ ದಿನ ಗಡಿ ದಾಟುವುದೆಂದು ದುರ್ಗಿ ಕೇಳಿದಳು. ಆಗಸ್ಟ್ ಹದಿನೈದಕ್ಕೆ ಎಂದ.

"ಆ ತಾರೀಕು ಬ್ಯಾಡ. ಹಿಂದಿನ ದಿನ ಹೋಗಿ, ಮರುದಿನ ಹೋಗಿ" ಎಂದಳು.

"ಪೋರ್ಚುಗೀಸರಿಗೆ ನಿನ್ನಪ್ಪನ ಗರ್ನಾಲು ಗೊತ್ತಿಲ್ವೆ" ಎಂದು ಮಾಬ್ಲ ನಕ್ಕ. ಅವನ ಹಲ್ಲು ಸಾಲಾಗಿ ಚಂದವಿದ್ದವು. ಅವಳು ನೋಡಿದ ಕೊನೆಯ ನಗು ಅದು.

ಆ ಆಗಸ್ಟ್ ಹದಿನೈದರಂದು ಗೋವೆಯ ಗಡಿಯಲ್ಲಿ ನಿರಾಯುಧರ ಮೇಲೆ ಗುಂಡು ಹಾರಿತು. ಕೆಲ ದಿನ ಕಳೆದು ಜಟ್ಟಿ ಒಬ್ಬನೇ ಬಂದ. ಮಾಬ್ಲನ ಎದೆಗೆ ಗುಂಡು ಬಿತ್ತು, ನಿಂತಲ್ಲೇ ಪ್ರಾಣ ಹೋಯಿತು, ಬಾಯಲ್ಲಿ 'ಜೈ ಹಿಂದ್' ಇತ್ತು ಎಂದ. ಹೆಣ ಬರಲಿಲ್ಲ. ಹೆಣವಿಲ್ಲದೆಯೇ ದುರ್ಗಿಯ ಬಳೆ ಒಡೆದರು, ಅಂದಿನಿಂದ ಅವಳು ದುರ್ಗಮ್ಮನಾದಳು. ಮೀನಿನ ಬುಟ್ಟಿ ಹೊತ್ತು ಹೊನ್ನಾವರದ ಪೇಟೆಗೆ ತಿರುಗಿ ಈರನನ್ನು ಆಳೆತ್ತರ ಮಾಡಿದಳು.

ಆಳೆತ್ತರವಾದ ಈರನಿಗೆ ಜಟ್ಟಿಯನ್ನು ಕಂಡರೆ ಆಗುತ್ತಿರಲಿಲ್ಲ. "ಅಣ್ಣನ ಬಗಲಿಗೇ ಇದ್ದನಂತೆ. ಹಾಂಗಾರೆ ಇವನ ಮೈಮೇಲೆ ಒಂದು ಗೀರೂ ಎಂತಕೆ ಇಲ್ಲ?" ಎಂದು ಕೇಳುತ್ತಿದ್ದ. ಅದೇ ಪ್ರಶ್ನೆ ದುರ್ಗಮ್ಮನ ಹೊಟ್ಟೆಯಲ್ಲೂ ಇತ್ತು, ಆದರೆ ಕೇಳಿ ಮಾಡುವುದೇನು? ಹೋದವನು ಬರುತ್ತಾನೆಯೇ? ಇದ್ದವನೊಬ್ಬ ಉಳಿದರೆ ಸಾಕು ಎಂಬುದು ಅವಳ ಲೆಕ್ಕ.

ಅರವತ್ತೊಂದರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾಯಿತು. ಅಲ್ಲಿಯವರೆಗೆ ಬರೇ ಜಟ್ಟಿಯಾಗಿದ್ದವನು ರಾತ್ರಿ ಬೆಳಗಾಗುವುದರೊಳಗೆ ಸತ್ಯಾಗ್ರಹಿ ಜಟ್ಟಪ್ಪನವರಾದ. ಬಿಳಿ ಟೋಪಿ ಬಂತು, ಸಭೆಗಳಲ್ಲಿ ಕುರ್ಚಿ ಬಂತು. ಎದ್ದ ಎತ್ತಿಗೆ ಎಲ್ಲರೂ ಹುಲ್ಲು ಹಾಕುವವರೇ. ಮರುವರ್ಷದ ನೂಲ ಹುಣ್ಣಿಮೆಗೆ ಕೇರಿಯ ಹಿರಿಯ, ಬುದವಂತ, ತೀರ್ಮಾನ ಕೊಟ್ಟ: ಈ ಸಲ ಮೊದಲ ಕಾಯಿ ಜಟ್ಟಿಯದು.

ಈರ ಮನೆಗೆ ಬಂದ. ಹಿತ್ತಲಲ್ಲಿ ಕೂತು ಹುಟ್ಟಿನ ತುದಿಯನ್ನು ಕಲ್ಲಿಗೆ ಉಜ್ಜತೊಡಗಿದ. "ಎಂತ ಮಾಡ್ತೆ?" ಎಂದು ದುರ್ಗಮ್ಮ ಕೇಳಿದಳು.

"ಕಾಯಿ ಅವನ ಕೈಲಿ ನೀರಿಗೆ ಬೀಳುದಿಲ್ಲ, ಅತ್ಗೆ. ಅವನೇ ಬೀಳುದು."

ಅವಳು ಹುಟ್ಟನ್ನು ಕಸಿದು ಒಲೆಗೆ ಹಾಕಿದಳು. ಈರನ ಸಿಟ್ಟನ್ನು ಹಾಕಲು ಒಲೆ ಎಲ್ಲಿತ್ತು?

ಹುಣ್ಣಿಮೆಯ ಬೆಳಿಗ್ಗೆ ಮೀನಿನ ಬುಟ್ಟಿಯಿಲ್ಲದೆ ಅವಳು ಶಾಲೆಯ ಮುಂದೆ ಹಾಯ್ದಳು. ತ್ರ್ಯಂಬಕ ಮಾಸ್ತರರು ಜಗಲಿಯ ಕರಿಹಲಗೆಯ ಮೇಲೆ ದಿನಾ 'ಇತಿಹಾಸದಲ್ಲಿ ಈ ದಿನ' ಎಂದು ಬರೆಯುವವರು. ಆಯಾ ತಾರೀಕಿನಲ್ಲಿ ಲೋಕದಲ್ಲಿ ಏನೇನಾಯಿತೆಂದು ಬರೆದು, ತಾವೇ ದೂರ ನಿಂತು ಓದಿ ಖುಷಿಪಡುವವರು. ಅಂದು ಹಲಗೆ ತುಂಬಿತ್ತು.

"ಎಂತ ಬರ್ದಿದ್ದಿರಿ, ಮಾಸ್ತರೆ?"

"ಬಾ ದುರ್ಗಮ್ಮ. ಇವತ್ತಿನ ದಿನ ನೆಪೋಲಿಯನ್ ಹುಟ್ಟಿದ. ಪನಾಮಾ ಕಾಲುವೆಯಲ್ಲಿ ಹಡಗು ಓಡಿತು. ಜಪಾನು ಶರಣಾಯಿತು. ನಮಗೆ ಸ್ವಾತಂತ್ರ್ಯ ಬಂತು. ಗೋವೆಯಲ್ಲಿ ಸತ್ಯಾಗ್ರಹಿಗಳು ಬಲಿಯಾದರು. ಈ ವರ್ಷ ನೋಡು, ನೂಲ ಹುಣ್ಣಿಮೆಯೂ ಇದೇ ತಾರೀಕಿಗೆ ಬಂದು ಕೂತಿದೆ."

ತಿಥಿ ನೋಡುವ ಕೇರಿಗೆ ಅದು ಬರೇ ಹುಣ್ಣಿಮೆಯಾಗಿತ್ತು. ದುರ್ಗಮ್ಮನೂ ಈರನ ಚಿಂತೆಯಲ್ಲಿ, ಶಾಲೆಯ ಬಾವುಟ ಕಟ್ಟುವುದನ್ನು ಕಂಡರೂ ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಅಪ್ಪ ಹೋದ, ಗಂಡ ಹೋದ. ಇವತ್ತು ಈರ ಕೊಲೆ ಮಾಡಿದರೆ ಅವನಿಗೆ ನೇಣು. ಅವಳು ಓಡಿದಳು.

ನೀರು ತುಂಬಿ ಇಳಿಯತೊಡಗಿದ ಹೊತ್ತಿಗೆ ಪೂಜೆ. ಇಳಿತದ ಸೆಳವಿಗೆ ಕಾಯಿ ತಾನಾಗಿ ಕಡಲಿಗೆ ಹೋಗಬೇಕು. ಶರಾವತಿ ಕೆಂಪಗೆ ತುಂಬಿ, ಹುಣ್ಣಿಮೆಯ ಇಳಿತವೂ ಸೇರಿ, ಅಳಿವೆಯತ್ತ ಹುಚ್ಚು ಹಿಡಿದಂತೆ ಹರಿಯುತ್ತಿತ್ತು. ಅಳಿವೆಯ ಬಾಯಲ್ಲಿ ತೆರೆಗಳು ಬೆಳ್ಳಗೆ ಒಡೆಯುತ್ತಿದ್ದವು. ಹೂ ಮುಡಿಸಿದ ದೋಣಿಗಳು ಮರಳಿನ ಅಂಚಿನಲ್ಲಿ, ಗಂಡಸರು ಕಲ್ಲುಕಟ್ಟೆಯ ಮೇಲೆ, ಹೆಂಗಸರು ಹಿಂದೆ, ವಿಧವೆಯರು ಇನ್ನೂ ಹಿಂದೆ. ದುರ್ಗಮ್ಮ ಹಿಂದೆ ನಿಲ್ಲಲಿಲ್ಲ. ಬೈಯುವವರನ್ನು ತಳ್ಳಿಕೊಂಡು ಕಟ್ಟೆಗೆ ಹತ್ತಿದಳು.

ಬುದವಂತ ಅರಿಶಿನ ಕುಂಕುಮ ಹಚ್ಚಿದ ಕಾಯಿಯನ್ನು ಜಟ್ಟಿಗೆ ಕೊಡಲು ಕೈ ಚಾಚಿದ. ನಡುವೆ ಈರನ ಕೈ ಬಂತು. ಕಾಯಿ ಕಸಿದವನೇ ಜಟ್ಟಿಯ ತಲೆಗೆ ಬೀಸಿದ. ದುರ್ಗಮ್ಮ ಅಡ್ಡ ಕೈ ಕೊಟ್ಟಳು. ಮಣಿಕಟ್ಟು ಒಣ ಕಡ್ಡಿ ಮುರಿದಂತೆ ಸದ್ದು ಮಾಡಿತು. ಎರಡನೆಯ ಹೊಡೆತ ಜಟ್ಟಿಯ ಕಿವಿಯ ಮೇಲೆ ಬಿತ್ತು. ಕಿವಿ ಹರಿಯಿತು, ಕಾಯಿ ಸೀಳಿತು, ಕಾಯಿಯ ನೀರೂ ರಕ್ತವೂ ಒಟ್ಟಿಗೇ ಬಿಳಿ ಅಂಗಿಯ ಮೇಲೆ ಇಳಿದವು. ಜಟ್ಟಿ ಹಿಮ್ಮುಖವಾಗಿ ಕಟ್ಟೆಯಿಂದ ನೀರಿಗೆ ಬಿದ್ದ. ಟೋಪಿ ಒಂದು ಕಡೆ ತೇಲಿತು, ಅವನೊಂದು ಕಡೆ ತೇಲಿದ. ಸೆಳವು ಅವನನ್ನು ಅಳಿವೆಯತ್ತ ಎಳೆದುಕೊಂಡು ಹೊರಟಿತು.

ಅಷ್ಟು ಗಂಡಸರಿದ್ದರು, ಅಷ್ಟು ದೋಣಿಗಳಿದ್ದವು. ಒಬ್ಬನೂ ಅಲುಗಲಿಲ್ಲ. ಮೊದಲ ಕಾಯಿ ಬಿದ್ದಿರಲಿಲ್ಲ. ಇದ್ದ ಕಾಯಿ ಒಡೆದಿತ್ತು, ಒಡೆದ ಕಾಯಿ ಸಮುದ್ರಕ್ಕೆ ಸಲ್ಲದು. ಇನ್ನೊಂದಕ್ಕೆ ಮತ್ತೆ ಪೂಜೆಯಾಗಬೇಕು, ಜಟ್ಟಿ ನೀರಲ್ಲಿರುವಾಗ ತಂಡೇಲರ ಮನೆಯ ಕೈಯೇ ಬೇಕು. ಆ ಮನೆಯ ಗಂಡಿನ ಕೈಯಲ್ಲಿ ರಕ್ತ. ಆಚೆ ಜಟ್ಟಿಯ ತಲೆ ಒಮ್ಮೆ ಮುಳುಗಿ ಮೇಲೆ ಬಂತು.

ದುರ್ಗಮ್ಮನ ಬಲಗೈ ಜೋತುಬಿದ್ದಿತ್ತು. ಎಡಗೈಯಲ್ಲಿ ಯಾರದೋ ಬುಟ್ಟಿಯ ಕಾಯಿಯೊಂದನ್ನು ಎತ್ತಿದಳು.

"ಮುಟ್ಬೇಡ, ಮುಂಡೆ" ಎಂದು ಬುದವಂತ ಕೂಗಿದ.

ಅವಳು ಕಾಯಿಯನ್ನು ನೀರಿಗೆ ಎಸೆದಳು. ಅದು ಮುಳುಗಿ ಎದ್ದು, ಜಟ್ಟಿಯ ಹಿಂದೆಯೇ ಹೊರಟಿತು.

"ತಂಡೇಲರ ಮನಿ ಕಾಯಿ ಬಿತ್ತು. ಆತು. ದೋಣಿ ನೂಕಿ" ಎಂದಳು. ಆಮೇಲೆ ಈರನ ಕಡೆ ತಿರುಗಿದಳು. "ಅವನ್ನ ತಾ. ಅವ ಸತ್ತು ಬಂದ್ರೆ ನೀನೂ ಮನಿಗೆ ಬರ್ಬೇಡ. ಈ ತಾರೀಕಿಗೆ ಇನ್ನೊಂದು ಹೆಣ ನಾ ಹೊರುದಿಲ್ಲ."

ಈರ ಅವಳ ಜೋತುಬಿದ್ದ ಕೈಯನ್ನು ನೋಡಿದ. ಮುರಿದದ್ದು ತಾನು ಎಂದು ಅವನಿಗೆ ಆಗಷ್ಟೇ ತಿಳಿದದ್ದು. ಮರಳಿಗೆ ಹಾರಿ ದೋಣಿ ನೂಕಿದ. ಕಾಯಿ ಬಿದ್ದು ಕಟ್ಟು ಬಿಚ್ಚಿದಂತಾಗಿ ಹಲವರು ಹತ್ತಿದರು.

ದಡದಿಂದ ಎಲ್ಲ ಕಾಣುತ್ತಿತ್ತು. ತೆರೆ ದೋಣಿಯನ್ನು ನೆಟ್ಟಗೆ ಎತ್ತಿ ಕೆಡವಿತು. ಒಬ್ಬ ನೀರಿಗೆ ಬಿದ್ದು ಹುಟ್ಟು ಹಿಡಿದು ಮೇಲೆ ಬಂದ. ಈರ ಬಾಗಿ ಜಟ್ಟಿಯ ಕೂದಲಿಗೆ ಕೈ ಹಾಕಿ ಎಳೆದು ಒಳಗೆ ಹಾಕಿದ, ಕಪಾಳಕ್ಕೆ ಬಾರಿಸಿದ, ಮತ್ತೆ ಬಾರಿಸಿದ. ಕೊಲ್ಲಲು ಹೊಡೆಯುತ್ತಿದ್ದಾನೋ ಬದುಕಿಸಲು ಹೊಡೆಯುತ್ತಿದ್ದಾನೋ ದುರ್ಗಮ್ಮನಿಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿರಲಿಕ್ಕಿಲ್ಲ.

ಮರಳ ಮೇಲೆ ಜಟ್ಟಿ ಕವುಚಿ ಬಿದ್ದು ಉಪ್ಪುನೀರು ಕಾರಿದ. ಕಿವಿಯಿಂದ ರಕ್ತ ಸುರಿಯುತ್ತಿತ್ತು. ಕೊನೆಗೆ ತಲೆಯೆತ್ತಿ, "ನೀರು" ಎಂದ.

ದುರ್ಗಮ್ಮ ಪೂಜೆಯ ಕೊಡದಿಂದ ಎಡಗೈಯಲ್ಲಿ ಒಂದು ಚೊಂಬು ನೀರು ತಂದಳು. ಚೊಂಬು ಹತ್ತಿರ ಬಂದದ್ದೇ ಜಟ್ಟಿ ಬಾಯಿ ಮುಚ್ಚಿಕೊಂಡ.

"ಮಾಬ್ಲನೂ ಇದನ್ನೇ ಕೇಳಿದ್ದ" ಎಂದ.

"ಎಲ್ಲಿ?"

"ಗದ್ದಿ ಬದಿಲಿ. ಎದಿಗಲ್ಲ, ಹೊಟ್ಟಿಗೆ ಬಿದ್ದಿತ್ತು. ಅವ ಸತ್ತಿರ್ಲಿಲ್ಲ. 'ನೀರು ಕೊಡಾ, ಜಟ್ಟಿ' ಅಂದ. ನನ್ನ ಚೀಲದಾಗೆ ಬಾಟ್ಲಿ ಇತ್ತು. ಗುಂಡು ಹಾರ್ತಾ ಇತ್ತು. ನಾ ಓಡ್ದೆ. ಅವ ಕೂಗ್ತಾ ಇದ್ದ, ನಾ ತಿರುಗಲಿಲ್ಲ."

ಈರ ಕೈಯಲ್ಲಿದ್ದ ಹುಟ್ಟನ್ನು ಎತ್ತಿದ. ಈ ಸಲ ಯಾರೂ ತಡೆಯುವಂತಿರಲಿಲ್ಲ. ತಡೆಯಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

"ಕೆಳಗಿಡು" ಎಂದಳು ದುರ್ಗಮ್ಮ. ದನಿ ಸಣ್ಣಗಿತ್ತು. ಆದರೂ ಈರ ಹುಟ್ಟನ್ನು ಇಳಿಸಿದ.

ಅವಳು ಗೋವೆಯ ದಿಕ್ಕಿಗೆ, ಬಡಗಕ್ಕೆ ತಿರುಗಿ ಕೂತಳು. ಚೊಂಬಿನ ನೀರನ್ನು ಮರಳಿಗೆ ಹನಿಯೂ ಉಳಿಯದಂತೆ ಸುರಿದಳು. ಮರಳು ಅದನ್ನು ಕುಡಿಯಿತು. ಜಟ್ಟಿಗೆ ನೀರಿಲ್ಲವೆಂದು ಜನ ತಿಳಿದರು, ಜಟ್ಟಿಯೂ ಹಾಗೆಯೇ ತಿಳಿದು ಕಣ್ಣು ಮುಚ್ಚಿದ.

ದುರ್ಗಮ್ಮ ಎದ್ದು ಕೊಡದ ಹತ್ತಿರ ಮತ್ತೆ ಹೋದಳು. ಎರಡನೆಯ ಚೊಂಬು ತುಂಬಿ ತಂದು, ಮಂಡಿಯೂರಿ, ಜಟ್ಟಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಬಾಯಿಗೆ ಹಿಡಿದಳು.

"ಕುಡಿ. ಮೊದ್ಲಿಂದು ಅವನಿಗೆ ಹೋತು" ಎಂದಳು.