ಸಂತನ ಹಿಮ್ಮಡಿ

ಮೇಷ್ಟ್ರ ಕೆಳತುಟಿಗೆ ಸದಾ ಒಂದೆಳೆ ಹತ್ತಿ ಅಂಟಿಕೊಂಡಿರುತ್ತಿತ್ತು. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಯ ಮೇಲೆ ಹೊರಳಿಸಿ, ಆ ಎಂಜಲಿನಿಂದಲೇ ಹಳೆಯ ತೈಲಚಿತ್ರಗಳ ಮಸಿ ತೆಗೆಯುವುದು ಅವರ ಕಸುಬು. ಕಪ್ಪಾದ ಹತ್ತಿಯನ್ನು ಎಸೆದು, ಹೊಸದನ್ನು ಸುತ್ತಿ, ಮತ್ತೆ ಬಾಯಿಗೆ. ಈ ಪರದೇಶದಲ್ಲಿ, ಆಡಮ್ಸ್‌ಟೌನ್‌ನ ಅವರ ಮನೆಯಲ್ಲಿ ಬಾಡಿಗೆಗಿದ್ದ ಎರಡು ವರ್ಷ ನಾನು ಅವರ ಲೋಟ ಮುಟ್ಟಲಿಲ್ಲ.

ಮೈಸೂರಿನಲ್ಲಿ ಚಿತ್ರಕಲೆ ಕಲಿಸಿದ್ದವರು. ಇಲ್ಲಿ ಊಟದ ಕೋಣೆಯನ್ನೇ ಕಾರ್ಯಾಗಾರ ಮಾಡಿಕೊಂಡಿದ್ದರು. ಕೆಲಸವಿದ್ದ ದಿನ ಕಾಫಿಯಿಲ್ಲ, ಉಪ್ಪಿನಕಾಯಿಯಿಲ್ಲ. "ಇವತ್ತು ಬಾಯಿ ಗ್ರ್ಯಾಂಡ್ ಆಗಿದೆ ಕಣಯ್ಯ" ಎಂದು, ಚೆನ್ನಾಗಿದೆ ಎನ್ನಲು ಇಲ್ಲಿನವರು ಬಳಸುವ ಮಾತಿನಲ್ಲೇ ಹೇಳಿ ಕೂರುತ್ತಿದ್ದರು.

ಅವರ ಕೊನೆಯ ಕೆಲಸ ಡನ್‌ಡಾಕ್ ಎಂಬ ಊರಿನ ಕಡೆಯ ಚರ್ಚೊಂದರ ಚಿತ್ರ. ಬರೆದವನು ನೇಪಲ್ಸ್‌ನ ಒಬ್ಬ ಬರೋಕ್ ಶೈಲಿಯ ಚಿತ್ರಕಾರ, ಹದಿನೇಳನೆಯ ಶತಮಾನದವನು. ಬದುಕಿದ್ದಂತೆಯೇ ಚರ್ಮ ಸುಲಿಸಿಕೊಳ್ಳುತ್ತಿರುವ ಮುದುಕ ಸಂತ. ಸುತ್ತ ಕತ್ತಲೆ, ತೋಳಿನ ಮೇಲೆ ಮಾತ್ರ ಬೆಳಕು, ಆ ಬೆಳಕಿನಲ್ಲಿ ಕೆಂಪು ಮಾಂಸ. ಅದರೆದುರು ನಾನು ಅನ್ನ ಉಣ್ಣಬೇಕಿತ್ತು.

"ಇದನ್ನ ಬರೆದೋನು ಎಂಥ ಮನುಷ್ಯ ಸರ್?"

"ಥೂ, ನೀಚ. ಬೇರೆ ಚಿತ್ರಕಾರರು ಊರಿಗೆ ಬಂದ್ರೆ ಗೂಂಡಾಗಳನ್ನ ಬಿಟ್ಟು ಓಡಿಸ್ತಿದ್ದ. ಬಂದರಿನ ಮುದಿ ಕೂಲಿಗಳನ್ನ ನಿಲ್ಲಿಸ್ಕೊಂಡು ಸಂತರು ಅಂತ ಬರೀತಿದ್ದ, ಒಂದು ಸುಕ್ಕೂ ಬಿಡದೆ."

"ಅಂಥ ಸಂತನಿಗೆ ನೀವು ಎಂಜಲು ಬಳೀತೀರಲ್ಲ!"

"ನಿಮ್ಮಮ್ಮ ಸೆರಗಿಗೆ ಉಗುಳು ಮಾಡ್ಕೊಂಡು ನಿನ್ನ ಮೂತಿ ಒರೆಸಿಲ್ವೇನೋ?"

"ಆಗ್ಲೂ ಓಡಿಹೋಗ್ತಿದ್ದೆ ಸರ್."

ಆ ಗೂಂಡಾಗಳ ಸಂಗತಿಯನ್ನು ಆಮೇಲೆ ಗ್ರಂಥಾಲಯದಲ್ಲಿ ಹುಡುಕಿದೆ, ಸಿಗಲಿಲ್ಲ. ಅವರೇ ಹೇಳಿದ್ದೋ, ನಾನೇ ಸೇರಿಸಿಕೊಂಡದ್ದೋ, ಈಗ ಖಚಿತವಾಗಿ ಹೇಳಲಾರೆ.

ಅಷ್ಟರಲ್ಲಿ ಅವರಿಗೆ ಗಂಟಲಿನ ಕ್ಯಾನ್ಸರ್. ರೇಡಿಯೇಷನ್‌ನಿಂದ ಬಾಯಿ ಒಣಗಿಹೋಯಿತು. ಚಿತ್ರದಲ್ಲಿ ಮಸಿ ತೆಗೆಯಲು ಉಳಿದಿದ್ದುದು ಸಂತನ ಒಂದು ಪಾದ ಮಾತ್ರ. ಬಾಟಲಿಯ ದ್ರಾವಣವನ್ನು ಮೂಲೆಯಲ್ಲಿ ಹಚ್ಚಿ ನೋಡಿದರು, ಬಣ್ಣವೇ ಎದ್ದು ಬಂತು. ತಾವಿರುವಾಗಲೇ ಮುಗಿಯಬೇಕೆಂಬ ಹಠ ಅವರದು. ಒಂದು ಶನಿವಾರ ಬೆಳಿಗ್ಗೆ ಕಡ್ಡಿಯನ್ನು ನನ್ನತ್ತ ಚಾಚಿದರು.

"ನೀನು ಕೊಡು. ನಂದು ಬತ್ತಿಹೋಯ್ತು."

"ಬೇರೆ ಯಾರನ್ನಾದ್ರೂ ಕರೀರಿ ಸರ್."

"ಅಷ್ಟು ಟೈಮ್ ಇದ್ದಿದ್ರೆ ನಿನ್ನಂಥ ಮಡಿವಂತನ್ನ ಕೇಳ್ತಿದ್ನಾ?"

ಕಣ್ಣು ಮುಚ್ಚಿ ಹತ್ತಿಯನ್ನು ನಾಲಿಗೆಗಿಟ್ಟುಕೊಂಡೆ. ಅವರು ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಹೊರಳಿಸಿದರು. ಎಷ್ಟೋ ಕಾಲದ ಮೇಣದಬತ್ತಿಯ ಹೊಗೆ ಹತ್ತಿಗಿಳಿಯಿತು. ಒಡೆದ ಹಿಮ್ಮಡಿ ಕಾಣಿಸಿತು, ಬಿರುಕಿನೊಳಗೆ ಕರಿ ಕೊಳೆ. ಅದೂ ಹೋಗಲೆಂದು ಒತ್ತಿದೆ. ಮೇಷ್ಟ್ರು ಕೈಗೆ ಫಟ್ಟನೆ ಹೊಡೆದರು.

"ಅದು ಹೊಗೆಯಲ್ಲ, ಅವನು ಬರೆದ ಕೊಳೆ. ಅದನ್ನ ತೊಳೆದ್ರೆ ಕೂಲಿಯವನು ಸತ್ತೋಗ್ತಾನೆ, ಬರೀ ಸಂತ ಉಳೀತಾನೆ."

ಪಾದಕ್ಕೆ ನಾಲ್ಕು ಶನಿವಾರ ಹಿಡಿಯಿತು. ಅದು ಬಲಗಾಲೋ ಎಡಗಾಲೋ, ಆಮೇಲೆ ನೆನಪಿರಲಿಲ್ಲ. ಚಿತ್ರ ಚರ್ಚಿಗೆ ಮರಳಿದ ವಾರವೇ ಮೇಷ್ಟ್ರು ತೀರಿಕೊಂಡರು.

ಕಳೆದ ತಿಂಗಳು ಚಿತ್ರ ನೋಡಿಬರಲು ಹೋದೆ. ಎಡಗಾಲು. ಚಿತ್ರ ಈಗಲೂ ಹೇಸಿಗೆ ಹುಟ್ಟಿಸುತ್ತದೆ. ಮುದುಕಿಯೊಬ್ಬಳು ಪಾದದ ಕೆಳಗಿನ ಚೌಕಟ್ಟನ್ನು ಮುಟ್ಟಿ, ಆ ಬೆರಳನ್ನು ತುಟಿಗೊತ್ತಿಕೊಂಡಳು. ನನಗೆ ವಾಕರಿಕೆ ಬಂದು ಬಾಯಿತುಂಬ ನೀರೂರಿತು. ಉಗುಳಲೆಂದು ಹೊರಗೆ ಓಡಿದೆ. ಮೆಟ್ಟಿಲ ಮೇಲೆ ಮೇಷ್ಟ್ರ ಬತ್ತಿದ ಬಾಯಿ ನೆನಪಾಗಿ, ನುಂಗಿಕೊಂಡೆ.